ಗಿಡ ಕೊಟ್ರು, ಸರಿ. ಗಾಳಿ?

1/7
ಜೂನ್ 5ಕ್ಕ ಕೈಯಾಗ ಸಸಿ ಹಿಡಕೊಂಡು ಫೋಟೋ ಹಾಕಿದ ದೋಸ್ತರೆಲ್ಲಾರಿಗೂ ಇದು. ಬೈಯಾಕ ಬಂದಿಲ್ಲ. ಸಸಿ ನೆಟ್ಟಿದ್ದು ಚಲೋ ಆತು. ಆದ್ರ ಕೆಳಗ "ಕೊಪ್ಪಳದ ಗಾಳಿ ಉಳಿಸೋಣ" ಅಂತ ಬರದು ಮುಗಿಸೀರಲ್ಲ, ಅಲ್ಲೇ ನನ್ನ ತಕರಾರು. ಸಸಿ ನೆಟ್ಟರ ಗಾಳಿ ಉಳಿಯಂಗಿಲ್ಲ. ಉಳೀತೈತಿ ಅಂತ ನಾವು ನಂಬಿದ್ರ ಯಾರಿಗೆ ಲಾಭ? ಬಿಕಾಂ ಓದೋರು ನಾವು, ಲೆಕ್ಕ ಹಾಕೋಣ. ಏಳು ಪೋಸ್ಟ್ ಅದಾವು. ಪೂರ್ತಿ ಓದಿ, ಆಮೇಲೆ ಜಗಳಕ್ಕ ಬರ್ರಿ.

2/7
ಮರ ಧೂಳು ತಡೀತಾವು, ಖರೆ. ರಸ್ತೆ ಬಾಜೂಕಿನ ಬೇವಿನ ಎಲಿ ಮುಟ್ಟಿ ನೋಡ್ರಿ, ಬೆರಳಿಗೆ ಮಣ್ಣು ಹತ್ತತೈತಿ. ಅದು ದಪ್ಪ ಧೂಳು. ಎದಿಯೊಳಗ ಇಳಿಯೋದು ಬ್ಯಾರೆ, ಪಿಎಂ 2.5. ತಲೆಕೂದಲಿನ ದಪ್ಪದಾಗ ಸುಮಾರು 30ನೇ ಒಂದು ಭಾಗ. ಮೂಗು, ಗಂಟಲು ಅದನ್ನ ತಡೆಯೋದಿಲ್ಲ. ಶ್ವಾಸಕೋಶದ ತುದಿಯ ಗಾಳಿಚೀಲದ ತನಕ ಹೋಗಿ ಕೂಡ್ತೈತಿ.
ಅಮೆರಿಕದ 10 ನಗರಗಳ ಮರಗಳು ಈ ಸಣ್ಣ ಧೂಳನ್ನ ಎಷ್ಟು ಕಡಿಮೆ ಮಾಡ್ತಾವು ಅಂತ 2013ರ ಒಂದು ಅಧ್ಯಯನ ಲೆಕ್ಕ ಹಾಕಿತು. ವರ್ಷದ ಸರಾಸರಿಯಲ್ಲಿ ಸಿಕ್ಕ ಉತ್ತರ: ಶೇ 0.05ರಿಂದ 0.24. ಅಷ್ಟೇ! ಅದೂ ಊರ ತುಂಬ ಬೆಳೆದು ನಿಂತ ಮರಗಳ ಲೆಕ್ಕ. ನಿಮ್ಮ ಪ್ಲಾಸ್ಟಿಕ್ ಚೀಲದಾಗಿನ ಸಸಿದು ಅಲ್ಲ.

3/7
"ಹಂಗಾದ್ರ ಮರ ಬ್ಯಾಡೇನು?" ಬೇಕು. ಏಪ್ರಿಲ್ ಬಿಸಲಾಗ ನಮ್ಮ ಎರೆ ಸೀಮೆಯೊಳಗ ಬಸ್ಸಿಗೆ ಕಾಯೋರಿಗೆ ಒಂದು ಬೇವು, ಒಂದು ಹುಣಸಿ ಏನು ಅಂತ ಗೊತ್ತೈತಿ. ಆದ್ರ ಇದ್ದ ಮರ ಕಡದು, ಬದಲಿಗೆ ಹತ್ತು ಸಸಿ ಅಂತ ಬರಕೊಂಡ್ರ ಲೆಕ್ಕ ಸರಿಹೋಗೋದಿಲ್ಲ. ಅರವತ್ತು ವರ್ಷದ ನೆರಳಿಗೆ ಆರು ತಿಂಗಳ ಕಡ್ಡಿ ಸಮ ಅಲ್ಲ.
ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡಾಗ ಎಲ್ಲಾರೂ ಸ್ಟೇಟಸ್ ಹಾಕಿದ್ವಿ. ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳಿಗೆ ಆ ತಾಯಿ ಕೊಡದಾಗ ನೀರು ಹೊತ್ತು ಹಾಕಿದ್ರು. 2019ರಲ್ಲಿ ರಸ್ತೆ ಅಗಲ ಮಾಡಾಕ ಅವೇ ಮರಗಳಿಗೆ ಕುತ್ತು ಬಂದಾಗ, ಆ ವಯಸ್ಸಿನಾಗ ಸರ್ಕಾರದ ಮುಂದ ಕೇಳಿಕೊಂಡವರೂ ಅವರೇ. ನೆಡೋದು ಒಂದು ದಿನದ ಕೆಲಸ. ನೀರು ಹಾಕೋದು, ಕಡಿಯೋರ ಮುಂದ ನಿಲ್ಲೋದು ವರ್ಷಗಟ್ಟಲೆ ಕೆಲಸ.

4/7
ಈಗ ನಮ್ಮ ಸಬ್ಜೆಕ್ಟಿಗೆ ಬರ್ರಿ. ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಯ ಚಿಮಣಿಗೆ ಧೂಳು ಹಿಡಿಯೋ ಇಎಸ್‌ಪಿ ಅಂತ ಯಂತ್ರ ಇರ್ತದ. ಅದು ಓಡಾಕ ಕರೆಂಟ್ ಬೇಕು, ಕರೆಂಟಿಗೆ ರೊಕ್ಕ ಬೇಕು. ಯಾವುದೇ ಕಾರ್ಖಾನೆ ಅದನ್ನ ಬಂದ್ ಇಟ್ರ ಅಷ್ಟು ಖರ್ಚು ಉಳೀತು. ಆದ್ರ ಖರ್ಚು ಮಾಯ ಆಗಂಗಿಲ್ಲ, ಖಾತೆ ಬದಲಾಗ್ತದ. ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರದ ಮನಿಗಳ ಖಾತೆಗೆ ಬೀಳ್ತದ: ದಮ್ಮಿನ ಪಂಪು, ದವಾಖಾನಿ ಚೀಟಿ, ತಪ್ಪಿದ ಕೂಲಿ, ಕರಿ ಧೂಳು ಕೂತ ಬೆಳಿ.
ಇನ್ನೊಂದು ಕಡೆ, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಅದರಾಗಿನ ಒಂದು ಚೂರು ಸಸಿ, ಟಿ-ಶರ್ಟ್, ಬ್ಯಾನರ್ ಆಗಿ ನಮ್ಮ ಕೈಗೆ ಬರ್ತದ. ಫೋಟೋಕ್ಕ ನಗೋರು ನಾವು. ಅಂದ್ರ ಅವರ ಜಾಹೀರಾತು ಪುಕ್ಕಟೆ!

5/7
"ಗಾಳಿ ನಾರ್ಮಲ್ ಐತಿ" ಅಂತ ಯಾರಾದ್ರೂ ಅಂದ್ರ, ಯಾವ ನಾರ್ಮಲ್ ಅಂತ ಕೇಳ್ರಿ. ಪಿಎಂ 2.5ಕ್ಕೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನಮ್ಮಲ್ಲಿ ಪಾಸಾದ ಗಾಳಿ ಅಲ್ಲಿ ಎಂಟು ಪಟ್ಟು ಫೇಲ್.
2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಾಗ ನಮ್ಮ ರಾಜ್ಯದ್ದು ನಾಲ್ಕು ಊರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಕೊಪ್ಪಳ ಇಲ್ಲ.
ಬೆಂಗಳೂರಿನಾಗ ಡಾ. ಎಚ್. ಪರಮೇಶ್ 20,000 ಮಕ್ಕಳನ್ನ ನೋಡಿ ಬರದಾರ: 1979ರಲ್ಲಿ ಶೇ 9 ಇದ್ದ ಅಸ್ತಮಾ 1999ಕ್ಕೆ ಶೇ 29.5 ಆಗಿತ್ತು. ವಾಹನ ಜಾಸ್ತಿ ಇದ್ದ ಕಡೆ ಶಾಲೆಯ ಬಡ ಮಕ್ಕಳಲ್ಲಿ ಶೇ 31ರ ಮ್ಯಾಲೆ. ಗಾರ್ಡನ್ ಸಿಟಿ ಅಂತ ಹೆಸರಿದ್ದ ಊರಿನ ಮಾತು ಇದು. ಹಸಿರು ಇದ್ರೂ ಹೊಗೆ ಬಿಡಲಿಲ್ಲ.

6/7
ಬರೋ ಕಮೆಂಟ್‌ಗಳಿಗೆ ಮೊದಲೇ ಉತ್ತರ.
"ಫ್ಯಾಕ್ಟರಿ ಕೊಪ್ಪಳದ ಆ ಕಡೆ, ನಮ್ಮ ಅಳವಂಡಿಗೇನು?" ಕಾಲೇಜು ಎಲ್ಲಿ? ಜಿಲ್ಲಾ ಆಸ್ಪತ್ರೆ ಎಲ್ಲಿ? ಬೀಗರು ಎಲ್ಲಿ ಅದಾರ? ಗಾಳಿಗೆ ಹೋಬಳಿ ಗಡಿ ಇಲ್ಲ.
"ಕೆಲಸ ಬ್ಯಾಡೇನು?" ನನಗೂ ಬೇಕು, ಮುಂದ ನಾನೂ ಅಲ್ಲೇ ಅಕೌಂಟ್ಸ್‌ಗೆ ಅರ್ಜಿ ಹಾಕಬಹುದು. ಆದ್ರ ಚಿಮಣಿ ಯಂತ್ರ ಓಡಿಸಿದ್ರ ಕೆಲಸ ಹೋಗಂಗಿಲ್ಲ. ಹೊಗೆ ಮೊದಲು ಕುಡಿಯೋರು ಅಲ್ಲಿ ದುಡಿಯೋರೇ.
"ನಾವು ಕೇಳಿದ್ರ ಏನಾಗ್ತದ?" 2025ರ ಫೆಬ್ರುವರಿ 24 ನೆನಪ ಮಾಡ್ಕೋರಿ. ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರುದ್ಧ ಕೊಪ್ಪಳ ಬಂದ್ ಆತು, ಗವಿಮಠದ ಶ್ರೀಗಳೇ ಜನರ ಮುಂದ ನಿಂತು ಮಾತಾಡಿದ್ರು. ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಾಕ ಮುಖ್ಯಮಂತ್ರಿ ಸೂಚಿಸಿದ್ರು. ಅದು ಸಸಿ ನೆಟ್ಟು ಆಗಿದ್ದಲ್ಲ. ಕೇಳಿದ್ದಕ್ಕ ಆಗಿದ್ದು.

7/7
ಈ ಸಲ ಸಸಿ ಹಿಡಿಯೋ ಕೈಯಾಗ ಒಂದು ಅರ್ಜಿನೂ ಇರಲಿ. ಮಾಹಿತಿ ಹಕ್ಕಿಗೆ 10 ರೂಪಾಯಿ, ಉತ್ತರಕ್ಕ 30 ದಿನ. ಮೂರು ಪ್ರಶ್ನೆ ಸಾಕು:
• ಮಾಲಿನ್ಯ ಮಂಡಳಿಗೆ: ಚಿಮಣಿಗೆ ಕೂಡಿಸಿದ ಆನ್‌ಲೈನ್ ಮಾಪಕದ ರಾತ್ರಿ ಅಂಕಿ ಕೊಡ್ರಿ.
• ಅರಣ್ಯ ಇಲಾಖೆಗೆ: ರಸ್ತೆಗೆ ಮರ ಕಡಿಯಾಕ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಟ್ಟ ಪರವಾನಗಿ ತೋರಿಸ್ರಿ.
• ಅವರಿಗೇ: ಹೋದ ವರ್ಷ ನೆಟ್ಟ ಸಸಿಗಳಾಗ ಎಷ್ಟು ಬದುಕ್ಯಾವು?
ಅರ್ಜಿ ನಮೂನೆ ಬೇಕಂದ್ರ "ಗಾಳಿ" ಅಂತ ಕಮೆಂಟ್ ಮಾಡ್ರಿ, ಡಿಎಂ ಮಾಡ್ತೀನಿ. ಉತ್ತರ ಬಂದ ದಿನ ಅದರ ಫೋಟೋ ಹಾಕ್ರಿ. ಅದಕ್ಕ ಮೊದಲ ಲೈಕ್ ನಂದು.

#ಕೊಪ್ಪಳ #ಅಳವಂಡಿ #ಗಾಳಿಲೆಕ್ಕ #ಸಸಿಜೊತೆಪ್ರಶ್ನೆ