ಮನೆವಾರ್ತೆಯ ಚಿತ್ರಗಳು

ತೈವಾನಿನ ಚಲಚ್ಚಿತ್ರಗಳನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಆಡುವ ಮಾತೊಂದುಂಟು: ಇವುಗಳಲ್ಲಿ ಏನೂ ನಡೆಯುವುದಿಲ್ಲ. ನನ್ನ ವಿದ್ಯಾರ್ಥಿಗಳು ಇದನ್ನು ನೇರವಾಗಿ ಹೇಳುತ್ತಾರೆ. ಸಾಹಿತ್ಯಾಭ್ಯಾಸಿಗಳಾದ ಸ್ನೇಹಿತರು ತುಸು ಸಂಕೋಚದಿಂದ ಹೇಳುತ್ತಾರೆ. ಮನೆಯವರು ಉಣ್ಣುತ್ತಾರೆ, ಅಜ್ಜಿ ಮೊಮ್ಮಗನನ್ನು ಕೂಗುತ್ತಾಳೆ, ರೈಲು ಸುರಂಗದಿಂದ ಹೊರಬರುತ್ತದೆ, ಯಾರೋ ಕಾಯಿಲೆ ಬೀಳುತ್ತಾರೆ. ಕ್ಯಾಮೆರಾ ಹೊಸ್ತಿಲಾಚೆ ನಿಂತ ಸಂಕೋಚದ ಅತಿಥಿಯಂತೆ ದೂರದಿಂದಲೇ ನೋಡುತ್ತಿರುತ್ತದೆ. ಇದಕ್ಕೆ ಸಮಾಧಾನವನ್ನು ಕಲಾಮೀಮಾಂಸೆಯಲ್ಲಿ ಹುಡುಕುವುದಕ್ಕಿಂತ ಆ ದ್ವೀಪದ ಚರಿತ್ರೆಯಲ್ಲಿ ಹುಡುಕುವುದು ಲೇಸೆಂದು ನನ್ನ ಭಾವನೆ.

1895ರಿಂದ 1945ರವರೆಗೆ ತೈವಾನ್ ಜಪಾನಿನ ವಸಾಹತಾಗಿತ್ತು. ಬಳಿಕ ಚೀನದ ರಾಷ್ಟ್ರೀಯವಾದಿ ಸರಕಾರದ ಕೈಸೇರಿತು. 1947ರ ಫೆಬ್ರವರಿ 28ರಂದು ಹೊತ್ತಿಕೊಂಡ ಜನರ ದಂಗೆಯನ್ನು ಸೈನ್ಯ ಹೊಸಕಿಹಾಕಿತು. ಸತ್ತವರು ಸಾವಿರಾರು ಮಂದಿ. 1949ರಲ್ಲಿ, ಚೀನದ ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಷೇಕ್ ಸರಕಾರ ಲಕ್ಷಾಂತರ ವಲಸೆಗಾರರೊಡನೆ ಅಲ್ಲಿಗೇ ಬಂದು ನೆಲಸಿತು. ಆ ವರ್ಷ ಜಾರಿಗೆ ಬಂದ ಲಷ್ಕರಿ ಕಾನೂನು ತೆರವಾದದ್ದು 1987ರಲ್ಲಿ. ಈ 38 ವರ್ಷ 1947ರ ಮಾತನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಶಾಲೆಯಲ್ಲಿ ಮನೆಮಾತನಾಡಿದ ಮಕ್ಕಳು ದಂಡ ತೆರುತ್ತಿದ್ದರು, ಕೊರಳಿಗೆ ಹಲಗೆ ಕಟ್ಟಿಸಿಕೊಳ್ಳುತ್ತಿದ್ದರು. ಬಹಿರಂಗದಲ್ಲಿ ಆಡಲಾಗದ ಮಾತು ಎಲ್ಲಿಗೆ ಹೋದೀತು? ಮನೆಯೊಳಕ್ಕೆ ಹೋಗುತ್ತದೆ, ಅಲ್ಲಿಯೂ ಮಾತಾಗದೆ ಸಾಮಾನು ಸರಂಜಾಮಿನಲ್ಲಿ, ಉಣ್ಣುವ ರೀತಿಯಲ್ಲಿ, ಹಿರಿಯರ ಮೌನದಲ್ಲಿ ಅಡಗಿ ಕೂರುತ್ತದೆ.

ದಿನನಿತ್ಯದ ಬಾಳಿನ ಮೇಲೆ ಆಳುವವರಿಗೂ ಪ್ರೀತಿಯಿಲ್ಲದಿರಲಿಲ್ಲ. 1960ರ ದಶಕದಲ್ಲಿ ಆಡಳಿತ ಪಕ್ಷದ ಚಿತ್ರಸಂಸ್ಥೆ ‘ಆರೋಗ್ಯಕರ ವಾಸ್ತವತೆ’ ಎಂಬ ಮಾರ್ಗವನ್ನೇ ಹಾಕಿಕೊಟ್ಟಿತು. ಲೀ ಶಿಂಗ್ ಅವರ 1965ರ ‘ಬ್ಯೂಟಿಫುಲ್ ಡಕ್ಲಿಂಗ್’ ಅದರ ಹೆಸರಾಂತ ಉದಾಹರಣೆ: ಬಾತುಕೋಳಿ ಸಾಕುವ ರೈತ, ಅವನ ಸಾಕುಮಗಳು. ಅಲ್ಲಿ ಬಡತನವಿದ್ದರೂ ಕೊಳೆಯಿಲ್ಲ. ಕಷ್ಟವಿದ್ದರೂ ಆಳುವವರ ಮೇಲೆ ಯಾರ ದೂರೂ ಇಲ್ಲ. ಬಾತುಕೋಳಿಗಳಂತೂ ಬಲು ಮುದ್ದಾಗಿವೆ. ಅದೇ ಕಾಲದಲ್ಲಿ ಜನರ ಆಡುನುಡಿಯಾದ ತೈವಾನಿ ಭಾಷೆಯಲ್ಲಿ, ಅಲ್ಪ ಬಂಡವಾಳದಲ್ಲಿ, ಸಾವಿರಕ್ಕೂ ಮಿಕ್ಕು ಚಿತ್ರಗಳು ತಯಾರಾದವು. ಅವುಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ.

ಮಾರ್ಗ ಬದಲಾದದ್ದು 1982–83ರಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿಯೆಂದರೆ, ಈ ಹೊಸ ಚಿತ್ರಕಾರರು ಮೊದಲು ಕೈಹಿಡಿದದ್ದು ಸಣ್ಣಕಥೆಯನ್ನು. ಹ್ವಾಂಗ್ ಚುನ್-ಮಿಂಗ್ ಅವರ ಮೂರು ಕಥೆಗಳನ್ನಾಧರಿಸಿದ ‘ದಿ ಸ್ಯಾಂಡ್‌ವಿಚ್ ಮ್ಯಾನ್’ 1983ರಲ್ಲಿ ಬಂತು. ಅವುಗಳಲ್ಲೊಂದರಲ್ಲಿ ಅಮೆರಿಕದ ಅಧಿಕಾರಿಯೊಬ್ಬನ ಕಾರು ಕೂಲಿಯೊಬ್ಬನನ್ನು ಕೆಡವುತ್ತದೆ. ಕಾಲು ಮುರಿಯಿತು, ಪರಿಹಾರ ಸಿಕ್ಕಿತು, ಹೆಂಡತಿ ಮಕ್ಕಳು ಆಸ್ಪತ್ರೆಯ ಬೆಳ್ಳಗಿನ ಕೋಣೆಯಲ್ಲಿ ಕುಳಿತು ಜೀವಮಾನದಲ್ಲಿ ಮೊದಲ ಬಾರಿಗೆ ಸೇಬು ಕಚ್ಚುತ್ತಾರೆ. ಈ ಭಾಗಕ್ಕೆ ಕತ್ತರಿ ಹಾಕಿಸಲು ಒತ್ತಡ ಬಂದಿತೆಂಬುದೂ, ಪತ್ರಿಕೆಯಲ್ಲಿ ಸುದ್ದಿ ಹೊರಬಿದ್ದು ಅದು ಉಳಿದುಕೊಂಡಿತೆಂಬುದೂ ಪ್ರಸಿದ್ಧವಾಗಿದೆ. ಒಂದು ಬುಟ್ಟಿ ಸೇಬಿಗೆ ಅಷ್ಟು ಹೆದರಿಕೆ!

ಹೌ ಶಿಯಾವ್-ಶಿಯೆನ್ ಅವರ 1985ರ ‘ಎ ಟೈಮ್ ಟು ಲಿವ್, ಎ ಟೈಮ್ ಟು ಡೈ’ ಚಿತ್ರಕ್ಕೆ ಈ ಬಳಗದಲ್ಲಿ ನಾನು ಮೊದಲ ಸ್ಥಾನ ಕೊಡುತ್ತೇನೆ. ಅದು ಬಹುಮಟ್ಟಿಗೆ ಅವರ ಬಾಲ್ಯದ ಕಥೆ. ಚೀನದಿಂದ ಬಂದ ಒಂದು ಸಂಸಾರ. ಮನೆಯಲ್ಲಿರುವುದೆಲ್ಲ ಅಗ್ಗದ ಬಿದಿರಿನ ಪೀಠೋಪಕರಣ. ನೋಡುವವರು ಅದನ್ನು ಬಡತನವೆಂದೇ ಎಣಿಸುತ್ತಾರೆ. ತಂದೆ ತೀರಿಕೊಂಡ ಮೇಲೆ, ಅವರು ಬರೆದಿಟ್ಟ ಕಾಗದಗಳನ್ನು ಮಗಳು ಓದಿದಾಗ ನಿಜ ತಿಳಿಯುತ್ತದೆ: ನಾಲ್ಕಾರು ವರ್ಷದಲ್ಲಿ ತಾಯ್ನಾಡಿಗೆ ಹಿಂದಿರುಗುವೆವೆಂದು ನಂಬಿದ್ದ ಅವರು, ಬಿಟ್ಟು ಹೋಗಲು ಸುಲಭವಾಗಲೆಂದು ಭಾರಿ ಸಾಮಾನನ್ನೇ ಕೊಂಡಿರಲಿಲ್ಲ. ಆ ಕ್ಷಣದಲ್ಲಿ, ಅದುವರೆಗೆ ನಾವು ಕಂಡಿದ್ದ ಕುರ್ಚಿಗಳೆಲ್ಲ ಬೇರೆಯಾಗಿಬಿಡುತ್ತವೆ. ಯಾವ ಭಾಷಣವೂ ಇಲ್ಲ. ಅದೇ ಮನೆಯ ಅಜ್ಜಿಗೆ ನಡುವೆ ಕಡಲಿದೆಯೆಂಬುದೇ ಮರೆತುಹೋಗಿದೆ. ಊರಿನ ಸೇತುವೆಗೆ ದಾರಿ ಯಾವುದೆಂದು ಹಕ್ಕ ನುಡಿಯಲ್ಲಿ ಕೇಳುತ್ತ ಮೊಮ್ಮಗನ ಕೈಹಿಡಿದು ಹೊರಡುತ್ತಾಳೆ. ಅಂಗಡಿಯವಳಿಗೆ ಆ ಭಾಷೆಯೇ ತಿಳಿಯದು.

1989ರ ‘ಎ ಸಿಟಿ ಆಫ್ ಸ್ಯಾಡ್‌ನೆಸ್’ಗೆ ವೆನಿಸ್ಸಿನ ಚಿನ್ನದ ಸಿಂಹ ದೊರಕಿತು. 1947ನ್ನು ಮುಟ್ಟಿದ ಚಿತ್ರವಿದು. ಆದರೂ ಹತ್ಯೆಯನ್ನು ನೇರವಾಗಿ, ಸಮಗ್ರವಾಗಿ ತೋರಲಿಲ್ಲವೆಂದು ಅಲ್ಲಿಯವರೇ ಕೆಲವರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ನಲವತ್ತು ವರ್ಷ ಕಾದವರಿಗೆ ಸ್ಪಷ್ಟವಾದ ಮಾತು ಬೇಕೆನಿಸುವುದು ಸಹಜ. ಆದರೆ ಚಿತ್ರ ತೋರುವುದೇನು? ರೇಡಿಯೋದ ಪ್ರಕಟಣೆ, ಗಾಯಾಳುಗಳು ಬಂದು ಸೇರುವ ಆಸ್ಪತ್ರೆ, ದಾದಿಯೊಬ್ಬಳ ದಿನಚರಿ, ಮತ್ತು ಊಟದ ಮೇಜು. ಜನ ಕಾಣೆಯಾಗುತ್ತ ಹೋಗುತ್ತಾರೆ, ಮೇಜು ಅಲ್ಲೇ ಇರುತ್ತದೆ. ಹೆಚ್ಚಿನ ಜನ ದುರಂತವನ್ನು ಅನುಭವಿಸಿದ್ದು ಹೀಗೆಯೇ ಅಲ್ಲವೆ? ಭಾಷೆ ಕಲಿಸುವವನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: ಅಲ್ಲಿ ತೈವಾನಿ, ಜಪಾನಿ, ಮ್ಯಾಂಡರಿನ್, ಷಾಂಘೈ, ಕ್ಯಾಂಟನ್ ನುಡಿಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ, ಒಂದು ವ್ಯವಹಾರದ ಮಾತು ದುಭಾಷಿಗಳ ಮೂಲಕ ಕೈಯಿಂದ ಕೈಗೆ ದಾಟುತ್ತದೆ. ಕಥೆಯ ನಡುವೆ ನಿಂತ ಛಾಯಾಚಿತ್ರಗಾರನಾದರೋ ಕಿವುಡ, ಮೂಕ. ಹಾಂಗ್‌ಕಾಂಗಿನ ನಟ ಟೋನಿ ಲಿಯಂಗ್ ಅವರಿಗೆ ತೈವಾನಿ ಬಾರದೆಂಬ ತೊಡಕಿನಿಂದ ಹುಟ್ಟಿದ ಉಪಾಯವಂತೆ ಅದು. ತೊಡಕೇ ಅರ್ಥವಾದ ಬಗೆ ಸೋಜಿಗದ್ದು.

ಎಡ್ವರ್ಡ್ ಯಾಂಗ್ ಅವರ ಲೋಕ ಬೇರೆ: ಸಿರಿವಂತವಾಗುತ್ತಿರುವ ತೈಪೆ, ಬಹುಮಹಡಿ ಮನೆ, ಕಚೇರಿ. ಅವರಿಗೆ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದ ‘ಯೀ ಯೀ’ 2000ದ ಚಿತ್ರ. ಅದರಲ್ಲಿ ಅಜ್ಜಿ ಪ್ರಜ್ಞೆತಪ್ಪಿ ಮಲಗಿದ್ದಾಳೆ. ಮನೆಯವರು ಸರದಿಯ ಮೇಲೆ ಅವಳೊಡನೆ ಮಾತನಾಡಬೇಕು. ಮಗಳು ದಿನದಿನವೂ ಅದೇ ನಾಲ್ಕು ಸಂಗತಿ ಹೇಳುತ್ತ, ತನ್ನ ಬದುಕಿನಲ್ಲಿ ಹೇಳುವಂಥದು ಇಷ್ಟೇ ಏನೆಂದು ಅಳುತ್ತಾಳೆ. ಎಂಟು ವರ್ಷದ ಹುಡುಗ ಜನರ ತಲೆಯ ಹಿಂಬದಿಯ ಚಿತ್ರ ತೆಗೆದು ಹಂಚುತ್ತಾನೆ, ಅವರಿಗೆ ಅದು ಕಾಣುವುದಿಲ್ಲವಾದ್ದರಿಂದ.

ಈ ಚಿತ್ರಗಳಿಗೆ ಸ್ವಂತ ನಾಡಿನಲ್ಲಿ ಪ್ರೇಕ್ಷಕರು ಸಾಲದಾದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. 2007ರಲ್ಲಿ ತೀರಿಕೊಂಡ ಯಾಂಗ್ ಬದುಕಿದ್ದಾಗ ‘ಯೀ ಯೀ’ ತೈವಾನಿನ ಮಂದಿರಗಳಲ್ಲಿ ಬಿಡುಗಡೆಯನ್ನೇ ಕಾಣಲಿಲ್ಲ. ಇವರ ನಿಧಾನವನ್ನು ಮಾತ್ರ ಕಲಿತು, ಅದಕ್ಕೆ ಕಾರಣವಾದ ಭಾರವನ್ನು ಕಲಿಯದ ಅನುಕರಣೆಗಳು ಲೋಕದ ಉತ್ಸವಗಳಲ್ಲಿ ಹೇರಳವಾಗಿವೆ. ಅವುಗಳ ಬಗ್ಗೆ ನನ್ನ ವಿದ್ಯಾರ್ಥಿಗಳ ದೂರು ನ್ಯಾಯವಾದದ್ದೇ.

ಹೊಸದಾಗಿ ನೋಡಬಯಸುವವರು ಹೌ ಅವರ 1986ರ ‘ಡಸ್ಟ್ ಇನ್ ದಿ ವಿಂಡ್’ನಿಂದ ತೊಡಗಬಹುದು. ಗಣಿಯೂರಿನ ಹುಡುಗ ಸೈನ್ಯದ ಕಡ್ಡಾಯ ಸೇವೆಗೆ ಹೋಗುತ್ತಾನೆ. ಅವನಿಗಾಗಿ ಕಾದಿರಬೇಕಾದ ಹುಡುಗಿ, ಅವನ ಕಾಗದಗಳನ್ನು ತಂದುಕೊಡುತ್ತಿದ್ದ ಅಂಚೆಯವನನ್ನೇ ಮದುವೆಯಾಗುತ್ತಾಳೆ. ಹಿಂದಿರುಗಿದ ಹುಡುಗ ಹೊಲದಲ್ಲಿದ್ದ ಅಜ್ಜನ ಬಳಿ ಹೋಗಿ ನಿಲ್ಲುತ್ತಾನೆ. ಅಜ್ಜ ಆ ವಿಷಯವನ್ನೆತ್ತುವುದಿಲ್ಲ. ಬಿರುಗಾಳಿಯ ಬಗ್ಗೆ, ಈ ಸಲದ ಗೆಣಸಿನ ಬೆಳೆಯ ಬಗ್ಗೆ ಹೇಳುತ್ತಾನೆ.