ಕಣ್ಣು ಬರಿಯ ಕ್ಯಾಮರವೆ?

ಕಣ್ಣನ್ನು ಕ್ಯಾಮರಕ್ಕೆ ಹೋಲಿಸುವುದು ನಮ್ಮ ಭೌತಶಾಸ್ತ್ರದ ಪಾಠಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ಮುಂದೆ ಮಸೂರವುಂಟು, ಬೆಳಕನ್ನು ಹೆಚ್ಚುಕಡಮೆ ಮಾಡುವ ಪಾಪೆಯುಂಟು, ಹಿಂಭಾಗದಲ್ಲಿ ಬಿಂಬವನ್ನು ಗ್ರಹಿಸುವ ಅಕ್ಷಿಪಟಲವುಂಟು. ಹಲಗೆಯ ಮೇಲೆ ಕಿರಣಗಳನ್ನೆಳೆದು, ತಲೆಕೆಳಗಾದ ಬಿಂಬವನ್ನು ತೋರಿಸಿದರೆ ಪಾಠ ಮುಗಿಯಿತು. ನಾವೂ ಹಲವು ವರ್ಷ ಹೀಗೆಯೇ ಪಾಠ ಹೇಳಿದವರು. ಈ ಹೋಲಿಕೆ ಸುಳ್ಳೆಂದು ಹೇಳಲಾಗದು. ಆದರೆ ಅದು ಅರ್ಧ ಸತ್ಯ. ಅರ್ಧ ಸತ್ಯದಿಂದ ಎಂಥ ಕೇಡು ಆಗಬಹುದೆಂಬುದು ನಮಗೆ ಅರಿವಾದುದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಿಂದ.

ಆಕೆಯ ಅಕ್ಕನ ಮಗುವಿಗೆ ಹುಟ್ಟುವಾಗಲೇ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮಗು ಇನ್ನೂ ಎಳೆಯದು, ಎರಡು ಮೂರು ವರ್ಷ ಕಳೆಯಲಿ ಎಂಬುದು ಮನೆಯ ಹಿರಿಯರ ಅಭಿಪ್ರಾಯ. “ಸರ್, ಮಸೂರ ತಾನೆ ಮಬ್ಬಾಗಿರುವುದು? ನಿಧಾನವಾಗಿ ಶಸ್ತ್ರಚಿಕಿತ್ಸೆ ಮಾಡಿಸಿದರೂ ಆದೀತಲ್ಲವೆ?” ಎಂದು ಆಕೆ ಕೇಳಿದಳು. ಹಲಗೆಯ ಮೇಲೆ ಕ್ಯಾಮರದ ಚಿತ್ರ ಇನ್ನೂ ಇದ್ದಿತು. “ಆದೀತು” ಎಂದುಬಿಟ್ಟೆವು. ಆ ಸಂಜೆ ಪುಸ್ತಕಗಳನ್ನು ತೆರೆದು ನೋಡಿದಾಗ ನಮ್ಮ ತಪ್ಪು ತಿಳಿಯಿತು. ಮರುದಿನ ತರಗತಿ ಆರಂಭವಾಗುವುದಕ್ಕೆ ಮೊದಲೇ ಆಕೆಯನ್ನು ಕರೆದು, “ನಿನ್ನೆ ಹೇಳಿದ್ದು ತಪ್ಪಮ್ಮ. ತಡಮಾಡದೆ ಈ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಲು ಮನೆಯಲ್ಲಿ ಹೇಳು” ಎಂದೆವು.

ನಮ್ಮ ಉತ್ತರ ಏಕೆ ತಪ್ಪು? ಕ್ಯಾಮರವು ಮೊದಲ ಚಿತ್ರ ತೆಗೆಯುವುದಕ್ಕೆ ಮುನ್ನವೇ ಕಾರ್ಖಾನೆಯಲ್ಲಿ ಪೂರ್ಣಗೊಂಡಿರುತ್ತದೆ. ಮಸೂರ ಮಸುಕಾದರೆ ಹತ್ತು ವರ್ಷ ಬಿಟ್ಟು ಬದಲಾಯಿಸಿದರೂ ನಷ್ಟವಿಲ್ಲ. ಕಣ್ಣಾದರೋ ಕೆಲಸ ಮಾಡುತ್ತಲೇ ತನ್ನನ್ನು ಕಟ್ಟಿಕೊಳ್ಳುವ ಯಂತ್ರ. ಅದರ ಅತಿ ಸೂಕ್ಷ್ಮವಾದ ಭಾಗಗಳು ಕೂಡ ವಯಸ್ಸಿಗೆ ತಕ್ಕಂತೆ ಬದಲಾಗುತ್ತವೆ. ಇದಕ್ಕೆ ಅಕ್ಷಿಪಟಲದ ನರಕೋಶಗಳಲ್ಲಿರುವ ಕ್ಯಾಲ್ಸಿಯಂ ನಾಲೆಗಳಿಗಿಂತ ಒಳ್ಳೆಯ ನಿದರ್ಶನ ಬೇರೊಂದಿಲ್ಲ.

ಅಕ್ಷಿಪಟಲವು ಹಲವು ಪದರಗಳಾಗಿ ಹೆಣೆದ ನರಕೋಶಗಳ ಜಾಲ. ಬೆಳಕನ್ನು ಗ್ರಹಿಸುವ ಕೋಶಗಳ ಸಂಕೇತವು ನಡುವಣ ಕೋಶಗಳ ಮೂಲಕ ಗ್ಯಾಂಗ್ಲಿಯನ್ ಕೋಶಗಳೆಂಬ ಕೊನೆಯ ಪದರವನ್ನು ಸೇರುತ್ತದೆ. ಇವುಗಳ ಎಳೆಗಳೇ ಸುಮಾರು ಹತ್ತು ಲಕ್ಷ ಸಂಖ್ಯೆಯಲ್ಲಿ ಕೂಡಿ, ಪ್ರತಿಯೊಂದು ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರವಾಗಿವೆ.

ಪ್ರತಿಯೊಂದು ಕೋಶವನ್ನೂ ತೆಳುವಾದ ಹೊರಪೊರೆಯೊಂದು ಆವರಿಸಿದೆ. (ಇದು ರೋಗದ ಪೊರೆಯಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.) ಇದರ ದಪ್ಪ ಸುಮಾರು 5 ನ್ಯಾನೋಮೀಟರ್, ಕೋಶವು ವಿಶ್ರಾಂತಿಯಲ್ಲಿರುವಾಗ ಇದರ ಎರಡು ಬದಿಗಳ ನಡುವೆ ಸುಮಾರು 70 ಮಿಲಿವೋಲ್ಟ್ ವಿಭವಾಂತರವಿರುತ್ತದೆ, ಒಳಭಾಗ ಋಣ. 70 ಮಿಲಿವೋಲ್ಟ್ ಅಲ್ಪವೆಂದು ತೋರಬಹುದು. ದಪ್ಪದಿಂದ ಭಾಗಿಸಿ ನೋಡಿರಿ: ವಿದ್ಯುತ್ ಕ್ಷೇತ್ರವು ಮೀಟರಿಗೆ ಒಂದು ಕೋಟಿ ನಲವತ್ತು ಲಕ್ಷ ವೋಲ್ಟ್ ಆಗುತ್ತದೆ. ಒಣ ಗಾಳಿಯಲ್ಲಿ ಇದರ ನಾಲ್ಕನೆಯ ಒಂದು ಭಾಗಕ್ಕೂ ಕಡಮೆ, ಅಂದರೆ ಮೀಟರಿಗೆ ಸುಮಾರು ಮೂವತ್ತು ಲಕ್ಷ ವೋಲ್ಟ್ ಇದ್ದರೆ ಕಿಡಿ ಹಾರುವುದು!

ಈ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನಿಂದಾದ ನಾಲೆಗಳಿವೆ. ಕೆರೆಯ ಏರಿಗೆ ತೂಬು ಇರುವಂತೆ ಈ ನಾಲೆಗಳಿಗೂ ಬಾಗಿಲುಗಳುಂಟು. ಅವು ವಿಭವಾಂತರ ಬದಲಾದಾಗ ತೆರೆದುಕೊಳ್ಳುತ್ತವೆ. ನಾವು ಎಲೆಯಡಿಕೆಯೊಡನೆ ಮೆಲ್ಲುವ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಧಾತುವೇ ಅಯಾನಿನ ರೂಪದಲ್ಲಿ ಕೋಶದ ಹೊರಗೆ, ಒಳಗಿರುವುದಕ್ಕಿಂತ ಹತ್ತು ಸಾವಿರ ಪಟ್ಟು ಹೆಚ್ಚು ಸಾಂದ್ರತೆಯಲ್ಲಿದೆ. ತೂಬು ತೆರೆಯಿತೆಂದರೆ ಅದು ಒಳನುಗ್ಗುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಅಯಾನುಗಳ ವೇಗದಲ್ಲಿ ಒಂದು ನಾಲೆಯ ಮೂಲಕ ಹರಿಯಬಲ್ಲುದು. ಸೋಡಿಯಂ ಅಯಾನಿನ ಗಾತ್ರವೂ ಬಹುಮಟ್ಟಿಗೆ ಇಷ್ಟೇ, ಹೊರಗೆ ಅದರ ಪ್ರಮಾಣವೂ ನೂರು ಪಟ್ಟು ಹೆಚ್ಚು. ಹಾಗಿದ್ದೂ ನಾಲೆಯು ಕ್ಯಾಲ್ಸಿಯಮನ್ನೇ ಆರಿಸಿಕೊಳ್ಳುವುದು. ನಾಲೆಯ ಇಕ್ಕಟ್ಟಾದ ಭಾಗದಲ್ಲಿರುವ ಋಣಾವೇಶಗಳ ಉಂಗುರವು ಎರಡು ಧನಾವೇಶಗಳುಳ್ಳ ಕ್ಯಾಲ್ಸಿಯಮನ್ನು ಒಂದೇ ಆವೇಶವುಳ್ಳ ಸೋಡಿಯಮಿಗಿಂತ ಬಲವಾಗಿ ಹಿಡಿಯುವುದೇ ಇದಕ್ಕೆ ಕಾರಣ. ಒಂದೊಂದೇ ನಾಲೆಯ ಅತ್ಯಲ್ಪ ವಿದ್ಯುತ್ಪ್ರವಾಹವನ್ನು ಅಳೆಯುವ ಉಪಾಯವನ್ನು ನೆಹರ್ ಮತ್ತು ಸಾಕ್ಮನ್ ಎಂಬ ಜರ್ಮನ್ ವಿಜ್ಞಾನಿಗಳು 1976ರಲ್ಲಿ ಪ್ರಕಟಿಸಿದರು. 1991ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಕ್ಯಾಲ್ಸಿಯಂ ತೂಬುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ವಿಭವಾಂತರವು ವಿಶ್ರಾಂತಿಯ ಮಟ್ಟದಿಂದ ತುಸುವೇ ಮೇಲೇರಿದರೂ ತೆರೆದು, ಕ್ಷಣದಲ್ಲಿ ಮುಚ್ಚಿಕೊಳ್ಳುವುದು. ಇದು ‘ಟಿ’ ವರ್ಗ. ಎರಡನೆಯದು ವಿಭವಾಂತರ ಬಹಳವಾಗಿ ಬದಲಾದಲ್ಲದೆ ತೆರೆಯದು; ‘ಎಲ್’, ‘ಎನ್’ ಮೊದಲಾದ ವರ್ಗಗಳು ಇದರಲ್ಲಿ ಸೇರಿವೆ. ಇಲಿಯ ಗ್ಯಾಂಗ್ಲಿಯನ್ ಕೋಶಗಳನ್ನು ಹುಟ್ಟುವುದಕ್ಕೆ ಮುಂಚಿನಿಂದ ಹುಟ್ಟಿದ ಕೆಲವು ವಾರಗಳವರೆಗೆ ಪರೀಕ್ಷಿಸಿದ ವಿಜ್ಞಾನಿಗಳು 1990ರ ದಶಕದಲ್ಲಿ ಕಂಡುದೇನೆಂದರೆ, ಈ ತೂಬುಗಳ ಪರಸ್ಪರ ಪ್ರಮಾಣ ಒಂದೇ ಸಮನಾಗಿರುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಬೇಗ ತೆರೆಯುವ ತೂಬುಗಳ ಪ್ರವಾಹ ಎಳೆಯ ಕೋಶದಲ್ಲಿ ಎದ್ದುಕಾಣುತ್ತದೆ. ಕೋಶ ಬಲಿತಂತೆ ಅದು ಕುಗ್ಗಿ, ಎರಡನೆಯ ಬಗೆಯವು ಮೇಲುಗೈಯಾಗುತ್ತವೆ.

ಎಳೆಯ ಕೋಶಕ್ಕೆ ಕ್ಯಾಲ್ಸಿಯಂ ಏತಕ್ಕೆ ಬೇಕು? ಬಲಿತ ಕೋಶದಲ್ಲಿ ಅದರ ಮುಖ್ಯ ಕೆಲಸ ಸಂಕೇತವನ್ನು ಮುಂದಿನ ಕೋಶಕ್ಕೆ ದಾಟಿಸುವುದು. ಎಳೆಯ ಕೋಶದಲ್ಲಾದರೋ ಅದು ಕಟ್ಟಡದ ಮೇಸ್ತ್ರಿಯೂ ಹೌದು: ಎಳೆ ಎಷ್ಟು ಬೆಳೆಯಬೇಕು, ಯಾವ ಸಂಬಂಧ ಉಳಿಯಬೇಕು ಎಂಬುದರಲ್ಲಿ ಅದರ ಕೈವಾಡವುಂಟು. 1991ರಲ್ಲಿ ಮೈಸ್ಟರ್, ವಾಂಗ್, ಬೇಯ್ಲರ್ ಮತ್ತು ಶಾಟ್ಸ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಫೆರೆಟ್ ಎಂಬ ಸಣ್ಣ ಪ್ರಾಣಿಯ ಮರಿಗಳ ಅಕ್ಷಿಪಟಲವನ್ನು ಪರೀಕ್ಷಿಸಿದರು. ಈ ಮರಿಗಳು ಕಣ್ಣು ತೆರೆಯುವುದು ಹುಟ್ಟಿದ ಸುಮಾರು ಒಂದು ತಿಂಗಳಿಗೆ. ಆದರೆ ಅದಕ್ಕೆ ಮೊದಲೇ, ಬೆಳಕಿನ ಪ್ರೇರಣೆ ಇಲ್ಲದೆಯೇ, ನೆರೆಹೊರೆಯ ಗ್ಯಾಂಗ್ಲಿಯನ್ ಕೋಶಗಳು ಒಟ್ಟಾಗಿ ಮಿಡಿಯುತ್ತಿದ್ದವು. ಆ ಮಿಡಿತ ಕೆರೆಯ ಅಲೆಯಂತೆ ಅಕ್ಷಿಪಟಲದ ಮೇಲೆ ಹಾದುಹೋಗುತ್ತಿತ್ತು. ಅಲೆ ಹಾಯುವಾಗ ಕೋಶಗಳಲ್ಲಿ ಕ್ಯಾಲ್ಸಿಯಂ ಏರುವುದನ್ನು ವಿಶೇಷ ಬಣ್ಣಗಳ ನೆರವಿನಿಂದ 1995ರಲ್ಲಿ ತೋರಿಸಲಾಯಿತು. ಫೆರೆಟ್ ಮರಿಗಳಲ್ಲಿ ಈ ಮಿಡಿತವನ್ನು ತಡೆದರೆ, ಎರಡು ಕಣ್ಣುಗಳ ಎಳೆಗಳು ಮೆದುಳಿನಲ್ಲಿ ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಬೇರ್ಪಡುವುದಿಲ್ಲವೆಂದು 1998ರ ಪ್ರಯೋಗದಿಂದ ತಿಳಿಯಿತು. ಎಂದ ಮೇಲೆ, ನೋಟವು ಬೆಳಕಿಗಿಂತ ಮೊದಲೇ ಅಭ್ಯಾಸ ಆರಂಭಿಸುವುದೆನ್ನಬೇಕು.

ಕಣ್ಣು ತೆರೆದ ಮೇಲೆ ಈ ಕೆಲಸವನ್ನು ಬೆಳಕು ವಹಿಸಿಕೊಳ್ಳುತ್ತದೆ. ಅದಕ್ಕೂ ಕಾಲದ ಮಿತಿಯುಂಟು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟರೆ, ಮೆದುಳಿನ ದೃಷ್ಟಿಭಾಗದ ಕೋಶಗಳು ಮುಂದೆ ಆ ಕಣ್ಣಿಗೆ ಬಹುಮಟ್ಟಿಗೆ ಓಗೊಡುವುದಿಲ್ಲವೆಂದು ಹ್ಯೂಬೆಲ್ ಮತ್ತು ವೀಸೆಲ್ 1963ರಲ್ಲಿ ತೋರಿಸಿದರು. ಬೆಳೆದ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿದರೆ ಅಂಥ ಹಾನಿಯಿಲ್ಲ. ಮೆದುಳಿನ ಈ ಗಡುವಿಗೆ ಅಕ್ಷಿಪಟಲದ ಕ್ಯಾಲ್ಸಿಯಂ ತೂಬುಗಳೇ ಕಾರಣವೆಂದು ನಾವು ಹೇಳುತ್ತಿಲ್ಲ. ಎರಡೂ ಒಂದೇ ಪಾಠವನ್ನು ಕಲಿಸುತ್ತವೆ ಎಂಬುದಷ್ಟೆ ನಮ್ಮ ಮಾತು: ಎಳೆಯ ಕಣ್ಣು ಬಲಿತ ಕಣ್ಣಿನ ಕಿರಿಯ ಪ್ರತಿಯಲ್ಲ, ಅದು ಬೇರೆಯದೇ ಆದ ಉಪಕರಣ. ಇಂದು ಆಗಬೇಕಾದ ಕೆಲಸವನ್ನು ನಾಳೆಗೆ ಇಟ್ಟುಕೊಳ್ಳಲು ಅದಕ್ಕೆ ಸಾಧ್ಯವಿಲ್ಲ.

ಇದು ಜೀವಶಾಸ್ತ್ರದ ವಿಷಯ, ನಮಗೇಕೆ ಎಂದು ಭೌತಶಾಸ್ತ್ರದ ಅಧ್ಯಾಪಕ ಮಿತ್ರರು ಕೇಳಬಹುದು. ಮೇಲಿನ ವಿವರಣೆಯಲ್ಲಿ ವಿಭವಾಂತರ, ವಿದ್ಯುತ್ ಕ್ಷೇತ್ರ, ಆವೇಶಗಳ ಆಕರ್ಷಣೆ ಇವನ್ನು ಬಿಟ್ಟರೆ ಉಳಿಯುವುದೆಷ್ಟು? ಕಣ್ಣಿನ ಮಸೂರವನ್ನು ನಮ್ಮದೆಂದು ಎತ್ತಿಕೊಂಡ ನಾವು, ಅದರ ಹಿಂದಿನ ವಿದ್ಯುತ್ತನ್ನು ಅನ್ಯರದೆಂದು ಬಿಡುವುದು ನ್ಯಾಯವಲ್ಲ. ಕ್ಯಾಮರದ ಚಿತ್ರವನ್ನು ಪಠ್ಯಪುಸ್ತಕದಿಂದ ತೆಗೆದುಹಾಕಬೇಕಾಗಿಲ್ಲ. ಅದರ ಕೆಳಗೆ ಅರ್ಧ ಪುಟ ಸೇರಿಸಿದರೆ ಸಾಕು.

ಆ ಅರ್ಧ ಪುಟದ ಬೆಲೆ ಪರೀಕ್ಷೆಯ ಅಂಕಗಳಲ್ಲಿಲ್ಲ. ಹುಟ್ಟಿನಿಂದಲೇ ದಟ್ಟವಾದ ಪೊರೆಯಿದ್ದರೆ ಮೊದಲ ಆರರಿಂದ ಎಂಟು ವಾರಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮವೆಂಬುದು ವೈದ್ಯರ ಸಾಮಾನ್ಯ ಅಭಿಪ್ರಾಯ. ಹೊತ್ತು ಮೀರಿತೆಂದು ಕೈಬಿಡುವುದೂ ತಪ್ಪು. ಭಾರತದಲ್ಲಿ ನಡೆದಿರುವ ‘ಪ್ರಾಜೆಕ್ಟ್ ಪ್ರಕಾಶ್’ ಎಂಬ ಕಾರ್ಯದಲ್ಲಿ, ದೊಡ್ಡವರಾದ ಮೇಲೆ ಶಸ್ತ್ರಚಿಕಿತ್ಸೆಯಾದ ಮಕ್ಕಳೂ ಉಪಯುಕ್ತವಾದ ನೋಟವನ್ನು ಗಳಿಸಿದ್ದಾರೆ. ಆದರೆ ಅದು ಪೂರ್ಣವಾದ ನೋಟವಲ್ಲ.

ನಮ್ಮ ವಿದ್ಯಾರ್ಥಿನಿಯ ಮನೆಯವರು ಆ ವಾರವೇ ಮಗುವನ್ನು ಕರೆದೊಯ್ದರು, ಶಸ್ತ್ರಚಿಕಿತ್ಸೆಯೂ ಆಯಿತು. ಮಗು ಈಗ ದಪ್ಪ ಕನ್ನಡಕ ಹಾಕಿಕೊಂಡು ತಾಯಿಯ ಮುಖವನ್ನು ನೋಡುತ್ತದೆಯಂತೆ. ಆಕೆ ಅಂದು ಪ್ರಶ್ನೆ ಕೇಳದೆ ಇದ್ದಿದ್ದರೆ? ಪ್ರಶ್ನೆ ಕೇಳದ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇದ್ದಾರೆ; ಅವರ ಮನೆಗಳಲ್ಲಿಯೂ ಕೂಸುಗಳು ಹುಟ್ಟುತ್ತವೆ. ಹಸುಗೂಸಿನ ಕಣ್ಣಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ ಒಂದು ದಿನವೂ ಕಾಯದೆ ವೈದ್ಯರಿಗೆ ತೋರಿಸಬೇಕೆಂಬ ಮಾತನ್ನು, ಅದರ ಕಾರಣದೊಡನೆ, ಈ ವರ್ಷದ ಬೆಳಕಿನ ಪಾಠದಲ್ಲಿಯೇ ಸೇರಿಸಿ ಹೇಳಬೇಕೆಂದು ಅಧ್ಯಾಪಕ ಮಿತ್ರರಲ್ಲಿ ನಮ್ಮ ಬಿನ್ನಹ.