ಸಾರಿಗೆ ಬೆರೆಸಿದ ಮಾತ್ರೆ

ತೀವ್ರ ಮಾನಸಿಕ ಕಾಯಿಲೆ ಇರುವವರು ಮಾತ್ರೆ ಒಲ್ಲೆನೆಂದಾಗ, ಅವರಿಗೆ ಗೊತ್ತಾಗದಂತೆ ಊಟದಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವುದು ಸರಿಯೇ? ನಮ್ಮ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಎರಡೂ ಕಡೆಯ ಮಾತನ್ನು ಇಲ್ಲಿಡುತ್ತಿದ್ದೇನೆ. ನನ್ನ ಮನಸ್ಸು ವಿರೋಧದ ಕಡೆಗಿದೆ. ಆದರೂ ಪರವಾಗಿ ಮಾತಾಡುವ ಮನೆಯವರ ಸಂಕಟವನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳಬೇಕು.

ಪರ

“ನನಗೇನಾಗಿದೆ? ತಲೆ ಕೆಟ್ಟಿರೋದು ನಿಮಗೆ.” ಸ್ಕಿಜೋಫ್ರೇನಿಯಾ ಹೊಕ್ಕ ಮನೆಗಳಲ್ಲಿ ಈ ಮಾತು ಕೇಳದವರು ಅಪರೂಪ. ಇದು ಬರಿಯ ಹಟವಲ್ಲ. ತನಗೆ ಕಾಯಿಲೆಯಿದೆ ಎಂಬ ಅರಿವನ್ನೇ ಈ ಕಾಯಿಲೆ ಬಹಳ ಜನರಿಂದ ಕಸಿದುಕೊಳ್ಳುತ್ತದೆ. ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆಂದು ನಂಬಿ ಕಿಟಕಿಗಳಿಗೆಲ್ಲ ಬಟ್ಟೆ ಕಟ್ಟಿ, ನಿದ್ದೆಯಿಲ್ಲದೆ ಮೂಲೆಯಲ್ಲಿ ಕೂತ ಮಗ ಯಾರಿಗೂ ಕೈ ಎತ್ತಿಲ್ಲ. ಅವನು ಹೆದರಿ ನಡುಗುತ್ತಿದ್ದಾನೆ. ಅವನ ಒಪ್ಪಿಗೆ ಸಿಗಲಿ ಎಂದು ಕಾಯುವುದೆಂದರೆ ಅವನನ್ನು ಆ ಹೆದರಿಕೆಗೇ ಬಿಟ್ಟುಬಿಡುವುದು.

ಹಾಗಾದರೆ ತಾಯಿ ಏನು ಮಾಡಬೇಕು? ನಾಲ್ಕು ಜನರನ್ನು ಕರೆಸಿ, ಕೈಕಾಲು ಹಿಡಿಸಿ, ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಒಯ್ಯಬಹುದು. ಊರೆಲ್ಲ ನೋಡುತ್ತದೆ, ಆ ಅವಮಾನವನ್ನು ಅವನು ಬಹುಕಾಲ ಮರೆಯುವುದಿಲ್ಲ. ಇಲ್ಲವೇ ದೇವಸ್ಥಾನ, ದರ್ಗಾ ಎಂದು ಕರೆದೊಯ್ದು ಬಿಟ್ಟು ಬರಬಹುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸರೆಗೆಂದು ಬಂದವರನ್ನು ಇಟ್ಟುಕೊಂಡಿದ್ದ ಚಪ್ಪರಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದರಿಂದ ಓಡಲಾರದೆ 28 ಜನ ಸತ್ತರು. ಸರಪಳಿಯ ಪಕ್ಕದಲ್ಲಿಟ್ಟು ನೋಡಿದರೆ ಸಾರಿನಲ್ಲಿ ಅರೆದು ಹಾಕಿದ ಮಾತ್ರೆ ಎಷ್ಟು ಮೆತ್ತಗಿನ ಬಲವಂತ!

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬಹುಪಾಲು ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೆ ಬಾಗಿಲಿಗೆ ಬರುವ ಮನೋವೈದ್ಯರಿಲ್ಲದ ಕಡೆ ಅಮ್ಮನೇ ವಾರ್ಡು, ಅಮ್ಮನೇ ನರ್ಸು. ಮೂರು ವಾರ ಹೀಗೆ ಕೊಟ್ಟ ಮೇಲೆ ಮಗನಿಗೆ ನಿದ್ದೆ ಬಂದು, ಭಯ ಇಳಿದು, “ನಡಿ, ಡಾಕ್ಟ್ರ ಹತ್ರ ಹೋಗೋಣ” ಎಂದು ಅವನೇ ಹೊರಟರೆ ಆ ತಾಯಿ ಮಾಡಿದ್ದು ತಪ್ಪು ಎನ್ನುವ ಧೈರ್ಯ ಯಾರಿಗಿದೆ?

ವಿರೋಧ

ತಾಯಿ ತಪ್ಪಿತಸ್ಥೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಮಗನ ಭಯ ಏನೆಂದು ನೋಡಿ. ತನ್ನ ಅನ್ನಕ್ಕೆ ಯಾರೋ ಏನೋ ಬೆರೆಸುತ್ತಿದ್ದಾರೆ ಎಂಬುದು ಈ ಕಾಯಿಲೆಯ ತೀರ ಸಾಮಾನ್ಯ ಭ್ರಮೆ. ಗುಟ್ಟಾಗಿ ಮಾತ್ರೆ ಹಾಕಿದ ದಿನ ಆ ಭ್ರಮೆ ನಿಜವಾಗುತ್ತದೆ. ಒಂದು ದಿನ ಸಾರು ಕಹಿಯಾಗುತ್ತದೆ, ಲೋಟದ ತಳದಲ್ಲಿ ಬಿಳಿ ಪುಡಿ ಕಾಣುತ್ತದೆ. ಆಮೇಲೆ ಅವನು ಮನೆಯ ಊಟ ಬಿಡುತ್ತಾನೆ. ಅಮ್ಮನ ಕೈಯ ಅನ್ನವನ್ನೇ ನಂಬದವನು ವೈದ್ಯರ ಕೈಯ ಚೀಟಿಯನ್ನು ನಂಬುತ್ತಾನೆಯೇ?

ಗೊತ್ತಾಗದೇ ಹೋಯಿತು ಎನ್ನಿ. ಅದು ಇನ್ನೂ ಕಷ್ಟ. ಈ ಔಷಧಿಗಳಿಂದ ಕೈ ನಡುಗಬಹುದು, ಮೈ ಬಿಗಿಯಬಹುದು, ಒಂದು ಕಡೆ ಕೂರಲಾಗದ ಚಡಪಡಿಕೆ ಬರಬಹುದು, ತೂಕ ಏರಬಹುದು, ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲಬಹುದು. ಕಾರಣ ತಿಳಿಯದವರು ಇದನ್ನೆಲ್ಲ ಮಾಟದ ಲೆಕ್ಕಕ್ಕೇ ಸೇರಿಸುತ್ತಾರೆ. ಅಡಿಕೆ ಮರ ಹತ್ತುವವನು, ಟ್ರ್ಯಾಕ್ಟರ್ ಓಡಿಸುವವನು ಇವತ್ತು ತನಗೇಕೆ ಇಷ್ಟು ತೂಕಡಿಕೆ ಎಂದು ಅರಿಯದೆ ಕೆಲಸಕ್ಕೆ ಹೋಗುತ್ತಾನೆ. ಲಿಥಿಯಂ ಆದರೆ ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಹೆಚ್ಚಾದರೂ ವಿಷ. ಕ್ಲೋಜಪೀನ್ ಆದರೆ ಬಿಳಿ ರಕ್ತಕಣಗಳ ಎಣಿಕೆ ಆಗುತ್ತಲೇ ಇರಬೇಕು. ಹೇಳದೆ ಔಷಧಿ ಕೊಡಬಹುದು, ಹೇಳದೆ ರಕ್ತ ತೆಗೆಯಲಾಗುವುದಿಲ್ಲ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗಲೆಂದು ಮಾಡಿದ ಮಾತ್ರೆಯನ್ನು ಅರೆದುಬಿಟ್ಟರೆ ಪೂರ್ತಿ ಔಷಧಿ ಒಮ್ಮೆಗೇ ಮೈಗಿಳಿಯುತ್ತದೆ.

ಇನ್ನು ಮೂರು ವಾರದಲ್ಲಿ ಸುಧಾರಿಸಿ ತಾನೇ ಹೊರಟ ಮಗ. ಅವನ ಪಾಲಿಗೆ ನಡೆದಿರುವುದೇನು? ಯಾವ ಮಾತ್ರೆಯೂ ಇಲ್ಲದೆ ತಾನು ಸರಿಹೋದೆ ಎಂದು. ನಾಳೆ ವೈದ್ಯರು ವರ್ಷಗಟ್ಟಲೆ ಮಾತ್ರೆ ನುಂಗು ಎಂದರೆ, “ಏನೂ ತಗೊಳ್ದೇ ಸರಿಹೋಯ್ತಲ್ಲ” ಎನ್ನುತ್ತಾನೆ. ಮನೆಯವರ ಬಳಿ ಉತ್ತರವಿಲ್ಲ.

ಎಲ್ಲ ಮನೆಯಲ್ಲೂ ಮಾತ್ರೆ ಅರೆಯುವ ಕೈ ಅಮ್ಮನದೇ ಆಗಿರುವುದಿಲ್ಲ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಎದುರು ಮಾತಾಡುವ ಸೊಸೆಗೆ, ಪಾಲು ಕೇಳುವ ತಮ್ಮನಿಗೆ “ತಲೆ ಸರಿಯಿಲ್ಲ” ಎಂದು ಮಾತ್ರೆ ಹಾಕಿದರೆ ಕೇಳುವವರು ಯಾರು? ಹಿಂದೂ ವಿವಾಹ ಕಾಯ್ದೆಯಲ್ಲಿ ಮನೋರೋಗ ವಿಚ್ಛೇದನಕ್ಕೂ ಒಂದು ಕಾರಣ. ಅಡುಗೆಮನೆಯ ಗುಟ್ಟಿಗೆ ಸಾಕ್ಷಿಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅಗತ್ಯ ಬಿದ್ದರೆ ಒಪ್ಪಿಗೆಯಿಲ್ಲದೆ 30 ದಿನದವರೆಗೆ ದಾಖಲು ಮಾಡಲು ಬಿಡುತ್ತದೆ. ಆದರೆ ಅಲ್ಲಿ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಪರಿಶೀಲನಾ ಮಂಡಳಿಗೆ ತಿಳಿಸಬೇಕು, ರೋಗಿ ಅದನ್ನು ಪ್ರಶ್ನಿಸಬಹುದು. ಬಲವಂತವೇ ಆದರೂ ಅದು ಬೆಳಕಿನಲ್ಲಿ ನಡೆಯುತ್ತದೆ.

ಅದಕ್ಕೂ ಮುಂಚೆ ಮಾತ್ರೆ ಯಾಕೆ ಬೇಡ ಎಂದು ಅವರನ್ನೇ ಕೇಳಬೇಕು. “ಗಂಡಸುತನ ಹೋಗುತ್ತೆ”, “ಕೈ ನಡುಗಿ ಹೊಲಿಗೆ ಹಾಕಕ್ಕಾಗಲ್ಲ” ಎಂಬ ಉತ್ತರ ಬಂದರೆ ಅದರಲ್ಲಿ ಭ್ರಮೆ ಏನಿದೆ? ಪ್ರಮಾಣ ಇಳಿಸಬಹುದು, ಔಷಧಿ ಬದಲಿಸಬಹುದು. ದಿನವೂ ಮಾತ್ರೆಯ ಜಗಳ ಬೇಡವೆಂದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ರೋಗಿ ಬರಲೊಪ್ಪದಿದ್ದರೂ ಮನೆಯವರು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ ದಾರಿ ಕೇಳಬಹುದು. ಮನೆ ಬಾಗಿಲಿಗೆ ಚಿಕಿತ್ಸೆ ಬರುವುದಿಲ್ಲ ಎಂಬ ದೂರು ನಿಜ, ಅದನ್ನು ಸರಕಾರದ ಮುಂದಿಡಬೇಕು. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲಿ ಚಿಕಿತ್ಸೆ ಮಾಡಿಸಿ ತೋರಿಸಿತ್ತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಮಾದರಿಯಿಂದ.

ಇಷ್ಟಾಗಿಯೂ ಒಂದು ಕಡೆ ನನ್ನ ವಿರೋಧ ಸಡಿಲಗೊಳ್ಳುತ್ತದೆ. ಅದೇ 2017ರ ಕಾಯ್ದೆ, ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ವಯಸ್ಕರು ಮೊದಲೇ ಬರೆದಿಡುವ ಹಕ್ಕು ಕೊಟ್ಟಿದೆ. ಮಗ ಚೇತರಿಸಿಕೊಂಡು ನೆಮ್ಮದಿಯಾಗಿರುವ ದಿನ ಎದುರು ಕೂತು, “ಮತ್ತೆ ಹಾಗಾದ್ರೆ ಏನು ಮಾಡೋಣ ಹೇಳಪ್ಪ” ಎಂದು ಕೇಳಬೇಕು. ಇಂಜೆಕ್ಷನ್ ಕೊಡಿಸಿ ಎನ್ನಬಹುದು, ಇಂಥ ಆಸ್ಪತ್ರೆ ಬೇಡ ಎನ್ನಬಹುದು, ಅಕ್ಕ ಹೇಳಿದರೆ ಕೇಳುತ್ತೇನೆ ಎನ್ನಬಹುದು. “ಆಗ ನಾನು ಏನೇ ಅಂದ್ರೂ ಬೆರೆಸಿ ಕೊಟ್ಬಿಡಮ್ಮ, ಆಮೇಲೆ ಹೇಳು” ಎಂದು ಅವನೇ ಅಂದರೆ, ವೈದ್ಯರೂ ಸರಿ ಎಂದರೆ, ಆ ತಾಯಿ ಮಾತ್ರೆ ಅರೆಯುವುದಕ್ಕೆ ನನ್ನ ತಕರಾರಿಲ್ಲ.